ಹುಟ್ಟಿದ ಊರು, ವಾಸದ ಊರು

ಉದ್ಯೋಗಕ್ಕಾಗಿ ನಾಡು ಬಿಟ್ಟು ಬಂದ ನಮ್ಮ ಸಂಸಾರಗಳಲ್ಲಿ ಮಗನೋ ಮಗಳೋ ಡಾಕ್ಟರಾಗಬೇಕೆಂದು ಹೊರಟರೆ, ಅಂಕಗಳ ವಿಚಾರಕ್ಕೆ ಮೊದಲೇ "ನೀವು ಯಾವ ರಾಜ್ಯದವರು?" ಎಂಬ ಪ್ರಶ್ನೆ ಎದುರಾಗುತ್ತದೆ. ಈ ಪ್ರಶ್ನೆಗೆ ದೀರ್ಘ ಇತಿಹಾಸವಿದೆ.

ಜನ್ಮಸ್ಥಳದ ಕಾರಣದಿಂದ ಸರ್ಕಾರವು ಪ್ರಜೆಗಳಲ್ಲಿ ಭೇದವೆಣಿಸಕೂಡದೆಂದು ಸಂವಿಧಾನದ 15ನೆಯ ವಿಧಿ ಹೇಳುತ್ತದೆ. ವಾಸಸ್ಥಳದ ಮಾತು ಅಲ್ಲಿಲ್ಲ. ಇಂದೂರಿನ ಮಹಾತ್ಮಾ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜಿನಲ್ಲಿ ಮಧ್ಯಭಾರತದ ನಿವಾಸಿಗಳಿಗಿಲ್ಲದ ಕ್ಯಾಪಿಟೇಷನ್ ಶುಲ್ಕವನ್ನು ಹೊರಗಿನವರು ತೆರಬೇಕಾಗಿತ್ತು. ದೆಹಲಿಯ ವಿದ್ಯಾರ್ಥಿಯೊಬ್ಬನು ಇದನ್ನು ಪ್ರಶ್ನಿಸಿದನು. ಜನ್ಮಸ್ಥಳ ಬೇರೆ, ವಾಸಸ್ಥಳ ಬೇರೆ ಎಂದು 1955ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ಅವನ ಅರ್ಜಿಯನ್ನು ತಳ್ಳಿಹಾಕಿತು.

ನಮ್ಮ ನಾಡಿನಲ್ಲೂ ಇದೇ ವಿವಾದ ಎದ್ದಿತು. ಆಗಿನ ಮೈಸೂರು ರಾಜ್ಯದ ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕುವವರು ಅದಕ್ಕೆ ಮೊದಲು ಯಾವಾಗಲಾದರೂ ಹತ್ತು ವರ್ಷ ರಾಜ್ಯದಲ್ಲಿ ವಾಸವಾಗಿರಬೇಕೆಂಬ ನಿಯಮವಿತ್ತು. 1971ರ ವಸುಂಧರಾ ಮೊಕದ್ದಮೆಯಲ್ಲಿ ಅದು ಊರ್ಜಿತವಾಯಿತು. ರಾಜ್ಯದಲ್ಲಿ ಬೇರೂರಿದವರು ಕಲಿತ ಮೇಲೆ ಅಲ್ಲಿಯೇ ನೆಲಸಿ ಜನರಿಗೆ ಚಿಕಿತ್ಸೆ ನೀಡುವರೆಂಬುದು ಈ ನಿಯಮದ ಹಿಂದಿನ ಆಶಯ. ಹಳ್ಳಿಗೆ ವೈದ್ಯನು ಬೇಕೆಂಬುದನ್ನು ನಾವಾರೂ ಅಲ್ಲಗಳೆಯಲಾರೆವು. ಆದರೆ ವರ್ಗವಾದಂತೆಲ್ಲ ಊರೂರು ಅಲೆಯುವ ನೌಕರನ ಮಗು ಹತ್ತು ವರ್ಷಗಳ ಲೆಕ್ಕವನ್ನು ಎಲ್ಲಿಂದ ತರಬೇಕು? ಅಂಥ ಮಗು ಇಲ್ಲಿಗೂ ಹೊರಗು, ಅಲ್ಲಿಗೂ ಹೊರಗು.

1984ರ ಪ್ರದೀಪ್ ಜೈನ್ ತೀರ್ಪು ಈ ಬಿಗಿಯನ್ನು ಸ್ವಲ್ಪ ಸಡಿಲಿಸಿತು. ಭಾರತೀಯನಿಗೆ ಇಡೀ ಭಾರತವೇ ಒಂದು ನೆಲೆ ಎಂದ ನ್ಯಾಯಾಲಯವು, ಎಂ.ಬಿ.ಬಿ.ಎಸ್.ನಲ್ಲಿ ವಾಸದ ಆಧಾರದ ಮೀಸಲಿಗೆ ಮಿತಿ ಹಾಕಿತು. 1986ರಲ್ಲಿ ಸರ್ಕಾರಿ ಕಾಲೇಜುಗಳ ಶೇಕಡಾ 15 ಸ್ಥಾನಗಳು ಅಖಿಲ ಭಾರತ ಸ್ಪರ್ಧೆಗೆ ಗೊತ್ತಾದುವು. ಸ್ನಾತಕೋತ್ತರ ವೈದ್ಯಕೀಯದಲ್ಲಿ ವಾಸದ ಆಧಾರದ ಮೀಸಲು ಸಮಾನತೆಗೆ ವಿರುದ್ಧವೆಂದು 2025ರ ಜನವರಿಯಲ್ಲಿ ತೀರ್ಪಾಯಿತು. ಎಂ.ಬಿ.ಬಿ.ಎಸ್.ನಲ್ಲಿ ಮಾತ್ರ ರಾಜ್ಯದ ಪಾಲಿನ ಸ್ಥಾನಗಳಿಗೆ ಆಯಾ ರಾಜ್ಯದ ನಿಯಮವೇ ಇಂದಿಗೂ ನಡೆಯುತ್ತದೆ.

ಇಲ್ಲಿ ನಮ್ಮವರು ಗಮನಿಸಬೇಕಾದ ಅಂಶವೊಂದಿದೆ. ಕರ್ನಾಟಕದ ಪ್ರವೇಶ ನಿಯಮಗಳು ಹೊರನಾಡು ಹಾಗೂ ಗಡಿನಾಡು ಕನ್ನಡಿಗರನ್ನು ಪ್ರತ್ಯೇಕವಾಗಿ ಗುರುತಿಸಿವೆ. ಅವರಿಗೆ ಕನ್ನಡ ಭಾಷಾ ಪರೀಕ್ಷೆಯನ್ನೂ ಇಟ್ಟಿವೆ. ವಾಸದ ಲೆಕ್ಕವು ಮುಚ್ಚಿದ ಬಾಗಿಲನ್ನು ಭಾಷೆಯು ತುಸು ತೆರೆದಿದೆ. ನಿಯಮಾವಳಿಯ ಷರತ್ತುಗಳನ್ನು ಮೊದಲೇ ಓದಿ, ಶಾಲೆಯ ದಾಖಲೆಗಳನ್ನು ಜೋಪಾನವಾಗಿಡುವುದು ಹಿರಿಯರ ಹೊಣೆ. ಮನೆಯಲ್ಲಿ ಕನ್ನಡವಾಡುವ ಮಕ್ಕಳಿಗೆ ಬರೆಯುವುದನ್ನೂ ಕಲಿಸೋಣ.