ಪುನರುಜ್ಜೀವನ ಯುಗದ ಚಿತ್ರಗಳು: ಹಸಿ ಗಾರೆ ಉಳಿಸಿದ್ದು, ಒಣ ಗೋಡೆ ಕಳೆದದ್ದು

ಯುರೋಪಿನ ಪುನರುಜ್ಜೀವನ ಯುಗವೆಂದೊಡನೆ ನೆನಪಾಗುವುದು ಮೂವರು ಕಲಾವಿದರು: ಲಿಯೊನಾರ್ಡೊ ಡಾ ವಿಂಚಿ, ಮೈಕೆಲೆಂಜೆಲೊ ಮತ್ತು ರಾಫೆಲ್. ಹದಿನೈದು ಮತ್ತು ಹದಿನಾರನೇ ಶತಮಾನಗಳಲ್ಲಿ ಫ್ಲಾರೆನ್ಸ್, ಮಿಲಾನ್, ರೋಮ್ ನಗರಗಳ ಪೋಪರು, ಡ್ಯೂಕರು ಹಾಗೂ ಶ್ರೀಮಂತ ವರ್ತಕ ಕುಟುಂಬಗಳ ಆಶ್ರಯದಲ್ಲಿ ಇವರ ಕಲೆ ಅರಳಿತು. ಈ ಚಿತ್ರಗಳನ್ನು ನಾವು ಪಠ್ಯಪುಸ್ತಕಗಳಲ್ಲಿ, ಕ್ಯಾಲೆಂಡರುಗಳಲ್ಲಿ ನೋಡಿ ಬಲ್ಲೆವು. ಕಾಗದದ ಮೇಲೆ ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ. ಆದರೆ ಅವುಗಳಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಅವುಗಳನ್ನು ಬಿಡಿಸಿದ ಮೇಲ್ಮೈ ಮತ್ತು ವಿಧಾನ.

ಅಂದು ಗೋಡೆಚಿತ್ರಗಳಿಗೆ ರೂಢಿಯಲ್ಲಿದ್ದ ವಿಧಾನ ಫ್ರೆಸ್ಕೊ. ಸುಣ್ಣ ಮತ್ತು ಮರಳಿನ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಬಳಿಯಬೇಕು. ಒಣಗುವಾಗ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬಣ್ಣವು ಗೋಡೆಯದೇ ಒಂದು ಅಂಶವಾಗಿಬಿಡುತ್ತದೆ. ಆದ್ದರಿಂದ ಒಂದು ದಿನದಲ್ಲಿ ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಗಾರೆ ಮೆತ್ತಲಾಗುತ್ತಿತ್ತು. ತಪ್ಪಾದರೆ ಗಾರೆಯನ್ನೇ ಕೆತ್ತಿ ತೆಗೆದು ಮತ್ತೆ ಆರಂಭಿಸಬೇಕಿತ್ತು. ಹಿಂಜರಿಯುವವರಿಗೆ ಹೇಳಿದ ಕಲೆಯಲ್ಲ ಇದು.

ಪೋಪ್ ಎರಡನೇ ಜೂಲಿಯಸ್ ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲ್‌ನ ಛಾವಣಿಯ ಕೆಲಸವನ್ನು ಮೈಕೆಲೆಂಜೆಲೊಗೆ ವಹಿಸಿದಾಗ ಆತ ತನ್ನನ್ನು ಶಿಲ್ಪಿ ಎಂದೇ ಭಾವಿಸಿದ್ದ. 1508ರಲ್ಲಿ ಆರಂಭವಾದ ಕೆಲಸದ ಮೊದಲ ಹಂತದಲ್ಲೇ ಗಾರೆಗೆ ಬೂಷ್ಟು ಹಿಡಿದು ಆತ ಕಂಗಾಲಾದನೆಂದು ಸಮಕಾಲೀನರು ಬರೆದಿದ್ದಾರೆ. 1512ರಲ್ಲಿ ಮುಗಿದ ಆ ಛಾವಣಿಯಲ್ಲಿ ಬೈಬಲ್ಲಿನ ಆದಿಕಾಂಡದ ಒಂಬತ್ತು ದೃಶ್ಯಗಳಿವೆ. 'ಆದಾಮನ ಸೃಷ್ಟಿ' ಅವುಗಳಲ್ಲಿ ಒಂದು. ಕಲಾವಿದ ಮಲಗಿಕೊಂಡೇ ಚಿತ್ರಿಸಿದನೆಂಬ ಜನಪ್ರಿಯ ಕಥೆ ಸರಿಯಲ್ಲ. ಆತ ಅಟ್ಟಣಿಗೆಯ ಮೇಲೆ ನಿಂತು, ಕತ್ತನ್ನು ಹಿಂದಕ್ಕೆ ಬಾಗಿಸಿ ಕೆಲಸ ಮಾಡಿದ. 1980ರಿಂದ 1994ರವರೆಗೆ ಚಾಪೆಲ್‌ನಲ್ಲಿ ನಡೆದ ಶುದ್ಧೀಕರಣದಲ್ಲಿ ಶತಮಾನಗಳ ಮೇಣದಬತ್ತಿಯ ಮಸಿ ತೊಲಗಿ, ಯಾರೂ ನಿರೀಕ್ಷಿಸದಷ್ಟು ಉಜ್ವಲವಾದ ಹಸಿರು, ಕಿತ್ತಳೆ ವರ್ಣಗಳು ಹೊರಬಂದವು. ಅತಿಯಾಗಿ ತೊಳೆಯಲಾಯಿತೆಂಬ ಆಕ್ಷೇಪವೂ ಕೇಳಿಬಂದಿತು.

ಅದೇ ವೇಳೆ, ಅದೇ ಅರಮನೆಯ ಇನ್ನೊಂದು ಕೋಣೆಯಲ್ಲಿ ರಾಫೆಲ್ 'ಅಥೆನ್ಸಿನ ಶಾಲೆ'ಯನ್ನು ರಚಿಸುತ್ತಿದ್ದ. ಪ್ಲೇಟೊ ಮತ್ತು ಅರಿಸ್ಟಾಟಲ್ ನಡುವೆ ನಿಂತ ಆ ಚಿತ್ರದ ಮುಂಭಾಗದಲ್ಲಿ ತಲೆಗೆ ಕೈಯೂರಿ ಕುಳಿತ ವ್ಯಕ್ತಿಯೊಬ್ಬನಿದ್ದಾನೆ. ಮಿಲಾನಿನಲ್ಲಿರುವ ಮೂಲ ಕರಡುಚಿತ್ರದಲ್ಲಿ ಅವನಿಲ್ಲ. ಸಿಸ್ಟೈನ್ ಛಾವಣಿಯನ್ನು ಕಂಡ ಬಳಿಕ ರಾಫೆಲ್ ಸೇರಿಸಿದ ಮೈಕೆಲೆಂಜೆಲೊನ ರೂಪವೇ ಅದು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ.

ಫ್ರೆಸ್ಕೊ ಎಂದರೇನೆಂದು ಕಣ್ಣಾರೆ ಕಾಣಬಯಸುವ ಕನ್ನಡಿಗರು ಇಟಲಿಗೇ ಹೋಗಬೇಕೆಂದಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆಗಳನ್ನು ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರ ಅವಧಿಯಲ್ಲಿ ಇದೇ ವಿಧಾನದಿಂದ ಅಲಂಕರಿಸಿದರು.

ಲಿಯೊನಾರ್ಡೊನ ಸ್ವಭಾವಕ್ಕೆ ಈ ಅವಸರ ಒಗ್ಗುತ್ತಿರಲಿಲ್ಲ. ತೈಲವರ್ಣ ಆತನಿಗೆ ಪ್ರಿಯವಾದದ್ದು. ಅದು ನಿಧಾನವಾಗಿ ಒಣಗುತ್ತದೆ, ತೆಳುವಾದ ಪದರಗಳನ್ನು ಒಂದರ ಮೇಲೊಂದು ಹಚ್ಚಲು ಬಿಡುತ್ತದೆ. ಪಾಪ್ಲರ್ ಮರದ ಹಲಗೆಯ ಮೇಲೆ 1503ರ ಸುಮಾರಿಗೆ ಆರಂಭಿಸಿದ 'ಮೊನಾಲಿಸಾ'ವನ್ನು ಆತ ವರ್ಷಗಳ ಕಾಲ ತಿದ್ದಿದ, ಫ್ರಾನ್ಸಿಗೂ ಜೊತೆಗೆ ಒಯ್ದ. 1911ರ ಆಗಸ್ಟಿನಲ್ಲಿ ಲೂವ್ರ್ ಸಂಗ್ರಹಾಲಯದಿಂದ ಕಳುವಾಗಿ 1913ರಲ್ಲಿ ಫ್ಲಾರೆನ್ಸಿನಲ್ಲಿ ಪತ್ತೆಯಾದ ಮೇಲಂತೂ ಅದರ ಕೀರ್ತಿ ಮನೆಮಾತಾಯಿತು.

ಇದೇ ನಿಧಾನವನ್ನು ಗೋಡೆಗೂ ತಂದದ್ದು ಆತನ ದುರದೃಷ್ಟ. ಮಿಲಾನಿನ ಡ್ಯೂಕ್ ಲುಡೊವಿಕೊ ಸ್ಫೋರ್ಜಾನ ಅಪೇಕ್ಷೆಯಂತೆ ಸಾಂತಾ ಮರಿಯಾ ಡೆಲ್ಲೆ ಗ್ರಾತ್ಸಿಯೆ ಮಠದ ಭೋಜನಶಾಲೆಯಲ್ಲಿ, 1495ರಿಂದ 1498ರ ಸುಮಾರಿನಲ್ಲಿ ಆತ 'ಕೊನೆಯ ಭೋಜನ'ವನ್ನು ಚಿತ್ರಿಸಿದ. ನಿಮ್ಮಲ್ಲೊಬ್ಬನು ನನಗೆ ದ್ರೋಹ ಬಗೆಯುವನೆಂದು ಏಸು ನುಡಿದ ಮರುಕ್ಷಣ ಹನ್ನೆರಡು ಮಂದಿ ಶಿಷ್ಯರಲ್ಲಿ ಎದ್ದ ತಳಮಳ ಅದರ ವಸ್ತು. ಕೆಲವು ದಿನ ಮುಂಜಾನೆಯಿಂದ ಮುಸ್ಸಂಜೆಯವರೆಗೆ ಅನ್ನನೀರಿನ ಪರಿವೆಯಿಲ್ಲದೆ ಕುಂಚ ಹಿಡಿಯುತ್ತಿದ್ದ. ಮತ್ತೆ ಕೆಲವು ದಿನ ಕೈಕಟ್ಟಿ ನೋಡುತ್ತಲೇ ನಿಲ್ಲುತ್ತಿದ್ದನೆಂದು, ಅದನ್ನು ಕಂಡಿದ್ದ ಲೇಖಕ ಮಟ್ಟೆಯೊ ಬಂಡೆಲ್ಲೊ ದಾಖಲಿಸಿದ್ದಾನೆ. ಹಸಿ ಗಾರೆ ಅಷ್ಟು ಹೊತ್ತು ಕಾಯುವುದಿಲ್ಲ. ಹೀಗಾಗಿ ಒಣಗಿದ ಗೋಡೆಯ ಮೇಲೆಯೇ ಮೊಟ್ಟೆ ಮತ್ತು ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಆತ ಬಳಸಿದ.

ಬಣ್ಣ ಗೋಡೆಗೆ ಕಚ್ಚಲಿಲ್ಲ. ಕಲಾವಿದ ಬದುಕಿದ್ದಾಗಲೇ, 1517ರಲ್ಲಿ ಬಂದ ಪ್ರವಾಸಿಯೊಬ್ಬ ಚಿತ್ರ ಕೆಡತೊಡಗಿರುವುದನ್ನು ಗುರುತಿಸಿದ. 1652ರಲ್ಲಿ ಅಡುಗೆಮನೆಗೆ ದಾರಿ ಮಾಡಲು ಸನ್ಯಾಸಿಗಳು ಗೋಡೆ ಕೊರೆದರು. ಏಸುವಿನ ಪಾದಗಳು ಆಗ ಹೋದವು. ಆ ಪಾದಗಳು ಹೇಗಿದ್ದವೆಂದು ಇಂದು ತಿಳಿಯುವುದು ಶಿಷ್ಯರು ಮಾಡಿದ ಪ್ರತಿಗಳಿಂದ. ಹದಿನೆಂಟನೇ ಶತಮಾನದ ದುರಸ್ತಿಗಾರರು ಮೇಲೆ ತಮ್ಮದೇ ಬಣ್ಣ ಬಳಿದರು. ಅದು ಹಾನಿಯ ಮೇಲೆ ಹಾನಿಯಾಯಿತು. ಎರಡನೇ ಮಹಾಯುದ್ಧದಲ್ಲಿ, 1943ರ ಆಗಸ್ಟಿನಲ್ಲಿ, ಬಾಂಬು ಬಿದ್ದು ಭೋಜನಶಾಲೆಯ ಛಾವಣಿ ಮತ್ತು ಪಕ್ಕದ ಗೋಡೆಯೊಂದು ಕುಸಿದವು. ಮರಳಿನ ಮೂಟೆಗಳ ಆಸರೆಯಿದ್ದ ಚಿತ್ರದ ಗೋಡೆ ಮಾತ್ರ ನಿಂತಿತು.

1978ರಲ್ಲಿ ಪಿನಿನ್ ಬ್ರಂಬಿಲ್ಲಾ ಬಾರ್ಸಿಲೋನ್ ಎಂಬ ಮಹಿಳೆ ಜೀರ್ಣೋದ್ಧಾರದ ಹೊಣೆ ಹೊತ್ತರು. ಸೂಕ್ಷ್ಮದರ್ಶಕದಡಿ ಅಂಗುಲಂಗುಲವಾಗಿ ಹಳೆಯ ಬಣ್ಣ, ಅಂಟು, ಕೊಳೆಗಳನ್ನು ತೆಗೆದ ಆ ಕೆಲಸ 1999ರವರೆಗೆ ನಡೆಯಿತು. ಲಿಯೊನಾರ್ಡೊ ಅದನ್ನು ಚಿತ್ರಿಸಲು ತೆಗೆದುಕೊಂಡ ಅವಧಿಗಿಂತ ಹಲವು ಪಟ್ಟು ಹೆಚ್ಚು! ಮೂಲ ವರ್ಣ ಪೂರ್ತಿ ಅಳಿದಿದ್ದ ಕಡೆ ನಕಲಿಗೆ ಕೈ ಹಾಕದೆ, ಮಂದವಾದ ಜಲವರ್ಣವನ್ನಷ್ಟೇ ತುಂಬಲಾಯಿತು. ಈಗ ಭೋಜನಶಾಲೆಗೆ ಸಣ್ಣ ಗುಂಪುಗಳಲ್ಲಿ, ಮುಂಗಡ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ. ಹೊರಗಿನ ದೂಳು ಮತ್ತು ತೇವ ಒಳನುಗ್ಗದಂತೆ ಸಾಲು ಬಾಗಿಲುಗಳನ್ನು ದಾಟಿಸಿ ಅವರನ್ನು ಒಳಬಿಡುತ್ತಾರೆ. ಚಿತ್ರದ ಮುಂದೆ ನಿಲ್ಲಲು ಸಿಗುವುದು 15 ನಿಮಿಷ.