ಗೋಮಾಳದಿಂದ ದೊಡ್ಡಿಗೆ: ಮೇಯ್ದ ದನದ ಹೊಣೆ, ಕೃಷ್ಣರಾಜಪುರದ ನೆಲೆಯಿಂದ

ದನ ಕದ್ದವರೊಡನೆ ಕಾದಿ ಮಡಿದವರಿಗೆ ಕನ್ನಡನಾಡು ತುರುಗೋಳಿನ ವೀರಗಲ್ಲು ನೆಟ್ಟಿದೆ. ನೆರೆಯವನ ಹೊಲಕ್ಕೆ ನುಗ್ಗಿ ಪೈರು ಮೇಯ್ದ ದನದ ಕಥೆ ಅಷ್ಟು ವೀರೋಚಿತವಲ್ಲ. ಆದರೆ ಅದರ ಹೊಣೆ ಯಾರದೆಂಬ ಪ್ರಶ್ನೆಗೆ ಧರ್ಮಶಾಸ್ತ್ರದಿಂದ ಇಂದಿನ ಕಾಯ್ದೆಯವರೆಗೆ ಬಂದ ಉತ್ತರಗಳಲ್ಲಿ ಹಳ್ಳಿಯ ಭೂಮಿ ಬದಲಾದ ಬಗೆಯನ್ನೂ ಓದಬಹುದು.

ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಆ ಸ್ಮೃತಿಯ ಪ್ರಕಾರ ಬೆಳೆ ಕೆಡಿಸಿದ ಎಮ್ಮೆಗೆ 8 ಮಾಷ, ಹಸುವಿಗೆ ಅದರ ಅರ್ಧ, ಆಡು ಕುರಿಗೆ ಅದರಲ್ಲೂ ಅರ್ಧ ದಂಡ. ಮೇಯ್ದು ಅಲ್ಲೇ ಮಲಗಿದರೆ ದಂಡ ಇಮ್ಮಡಿ. ನಷ್ಟವಾದಷ್ಟು ಫಸಲು ಹೊಲದವನಿಗೆ ಸಲ್ಲಬೇಕು. ಆದರೆ ದಾರಿಯಂಚಿನ, ಊರಂಚಿನ, ಹುಲ್ಲುಗಾವಲಿನ ಪಕ್ಕದ ಹೊಲಕ್ಕೆ ದನ ತಾನಾಗಿ ನುಗ್ಗಿದರೆ ದೋಷವಿಲ್ಲ. ಬೇಕೆಂದೇ ಮೇಯಿಸಿದವನಿಗೆ ಕಳ್ಳನಿಗಾಗುವ ಶಿಕ್ಷೆ. ಆಗಷ್ಟೇ ಕರು ಹಾಕಿದ ಹಸುವಿಗೂ ಬೀಜದ ಹೋರಿಗೂ ವಿನಾಯಿತಿ. ಇಷ್ಟಕ್ಕೇ ನಿಲ್ಲದೆ ಸ್ಮೃತಿಯು ಹಳ್ಳಿಗೂ ಹೊಲಕ್ಕೂ ನಡುವೆ 100 ಬಿಲ್ಲಳತೆಯ, ನಗರವಾದರೆ 400 ಬಿಲ್ಲಳತೆಯ ಜಾಗ ಬಿಡಬೇಕೆನ್ನುತ್ತದೆ. ದಂಡ ಕೇಳುವ ಮೊದಲು ಮೇಯಲು ಜಾಗ ಕೊಡು ಎಂಬುದು ಇದರ ತಿರುಳು.

ವಸಾಹತು ಸರಕಾರದ 1871ರ ಜಾನುವಾರು ಅತಿಕ್ರಮಣ ಕಾಯ್ದೆಯ ದಂಡದ ಪಟ್ಟಿಯೂ ಇದೇ ಏಣಿಯದು: ಎಮ್ಮೆಗೆ 8 ಆಣೆ, ಹಸುವಿಗೆ 4, ಆಡು ಕುರಿಗೆ 1 ಆಣೆ, ಆನೆಗೆ 2 ರೂಪಾಯಿ. ನ್ಯಾಯದ ಲೆಕ್ಕ ಮಾತ್ರ ಬೇರೆ. ಬೆಳೆ ಕೆಡಿಸಿದ ದನವನ್ನು ರೈತ ಹಿಡಿದು 24 ಗಂಟೆಯೊಳಗೆ ದೊಡ್ಡಿಗೆ ಅಟ್ಟಬಹುದು. ಅಡ್ಡ ಬಂದವನಿಗೆ 6 ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ಜುಲ್ಮಾನೆ. ಯಜಮಾನ ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿ ದನ ಬಿಡಿಸಿಕೊಳ್ಳುತ್ತಾನೆ, ಬಿಡಿಸಿಕೊಳ್ಳದಿದ್ದರೆ ಹರಾಜು. ಆ ದಂಡ ಸರಕಾರದ ಲೆಕ್ಕಕ್ಕೆ. ಪೈರು ಕಳೆದುಕೊಂಡವನು ಪರಿಹಾರಕ್ಕೆ ಬೇರೆಯಾಗಿ ದಾವೆ ಹೂಡಬೇಕು. ದಾರಿಯಂಚಿನ ಹೊಲದ ವಿನಾಯಿತಿಯಾಗಲಿ, ಹುಲ್ಲುಗಾವಲಿನ ಮಾತಾಗಲಿ ಇಲ್ಲಿಲ್ಲ.

‘ದೊಡ್ಡಿ’ ಎಂದರೆ ಮೊದಲು ದನ ಕೂಡುವ ಆವರಣ. ರಾಮನಗರ, ಕನಕಪುರದ ಎಷ್ಟೋ ಹಳ್ಳಿಗಳ ಹೆಸರಿನ ಕೊನೆಯಲ್ಲಿ ಅದೇ ಇದೆ. ಕಾಯ್ದೆ ಅದನ್ನು ದನದ ಸೆರೆಮನೆಯಾಗಿಸಿತು. ಉತ್ತರ ಕರ್ನಾಟಕದಲ್ಲಿ ಇದೇ ಕೊಂಡವಾಡ.

ಏಕೀಕರಣದ ನಂತರ ರಾಜ್ಯ 1966ರಲ್ಲಿ ತನ್ನದೇ ಜಾನುವಾರು ಅತಿಕ್ರಮಣ ಕಾಯ್ದೆ ತಂದಿತು. ಅದೇ ವರ್ಷದ ಭೂಕಂದಾಯ ನಿಯಮಗಳು 100 ದನಕ್ಕೆ 12 ಹೆಕ್ಟೇರ್ ಗೋಮಾಳದ ಅಳತೆ ಹೇಳಿದವು. ಒಂದೇ ವರ್ಷದಲ್ಲಿ ದೊಡ್ಡಿಗೂ ಗೋಮಾಳಕ್ಕೂ ನಿಯಮ ಬಂದರೂ ಒಂದಕ್ಕೊಂದು ಗಂಟು ಬೀಳಲಿಲ್ಲ. ಗೋಮಾಳ ಕರಗಿದ ಊರಿನಲ್ಲಿ ದಂಡವೂ ಕರಗಬೇಕೆಂದು ಯಾವ ಕಲಮೂ ಹೇಳಲಿಲ್ಲ.

ಬೆಂಗಳೂರಿನ ಕೃಷ್ಣರಾಜಪುರದಲ್ಲಿ ಇದರ ಫಲ ಕಾಣುತ್ತದೆ. ಹಳೆ ಮದ್ರಾಸ್ ರಸ್ತೆಯ ಈ ಹೋಬಳಿ ಊರಿನ ಮಗ್ಗುಲಿಗೆ 1948ರಲ್ಲಿ ಐಟಿಐ ಕಾರ್ಖಾನೆ ಬಂದು ದೂರವಾಣಿನಗರ ಬೆಳೆಯಿತು. 2007ರಲ್ಲಿ ಇಲ್ಲಿನ ನಗರಸಭೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಸೇರಿತು. 2025ರಿಂದ ಇದು ಬೆಂಗಳೂರು ಪೂರ್ವ ನಗರ ಪಾಲಿಕೆಯ ಭಾಗ. ಸಂವಿಧಾನದ 74ನೇ ತಿದ್ದುಪಡಿ (1992) ದನದ ದೊಡ್ಡಿಯನ್ನು ನಗರಾಡಳಿತದ 12ನೇ ಅನುಸೂಚಿಯಲ್ಲಿ 15ನೇ ವಿಷಯವಾಗಿಸಿತು. ಪಂಚಾಯತಿಗಳ 11ನೇ ಅನುಸೂಚಿಯಲ್ಲಿ ಅದಿಲ್ಲ. ಹೊಲದ ಬೆಳೆ ಕಾಯಲೆಂದು ಹುಟ್ಟಿದ ದೊಡ್ಡಿ ಈಗ ರಸ್ತೆ ಕಾಯುವ ನಗರದ ಕೆಲಸ.

ಎಮ್ಮೆಗಿಷ್ಟು, ಹಸುವಿಗಿಷ್ಟು ಎಂಬ ದಂಡದ ಏಣಿ ಮಿತಾಕ್ಷರೆಯ ಕಾಲದಿಂದ ಉಳಿದು ಬಂತು. ರೈತನ ಪಾಲಿನ ಫಸಲು, ದನದ ಪಾಲಿನ ಹುಲ್ಲು ಎರಡೂ ನಡುದಾರಿಯಲ್ಲಿ ಬಿದ್ದುಹೋದವು. ಗೋಮಾಳದ ಲೆಕ್ಕ ಒಪ್ಪಿಸದೆ ದೊಡ್ಡಿಯ ದಂಡ ವಸೂಲು ಮಾಡುವುದು ಅರ್ಧ ನ್ಯಾಯ ಮಾತ್ರ.