ಕಡತದ ಮೋಡಿಬರಹ: ಅದರ ರೂಪ ಮತ್ತು ಉಪಯೋಗ

ಕನ್ನಡ ಲಿಪಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಲ್ಲು, ತಾಮ್ರಪಟ ಮತ್ತು ಓಲೆಗಳನ್ನೇ ಆಧಾರವಾಗಿಟ್ಟುಕೊಂಡಿರುವರು. ಮಂಡ್ಯ, ಮಳವಳ್ಳಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸರು 1894ರಲ್ಲಿಯೇ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಆದರೆ ಕೊತ್ತತ್ತಿಯಂತಹ ಹೋಬಳಿಯ ಊರುಗಳಲ್ಲಿ ರೈತನ ಕಂದಾಯವನ್ನು ನಿರ್ಣಯಿಸುತ್ತಿದ್ದುದು ಶಾಸನದ ಅಕ್ಷರವಲ್ಲ, ಶಾನುಭೋಗರ ಕೈಬರಹ. ಅದನ್ನೇ ಜನರು ಮೋಡಿ ಎಂದು ಕರೆದರು. ಮರಾಠಿಯ ಮೋಡಿ ಲಿಪಿ ಬೇರೆ. ಇದು ಕನ್ನಡ ಅಕ್ಷರವೇ ಓಟಕ್ಕೆ ಬಿದ್ದ ರೂಪ.

ಈ ಬರಹಕ್ಕೆ ಮುಖ್ಯ ಆಶ್ರಯ ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿ, ಒಣಗಿಸಿ, ನೆರಿಗೆಯಂತೆ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಕಪ್ಪಿನ ಮೇಲೆ ಬಿಳಿಯ ಅಕ್ಷರ. ತಪ್ಪಿದಲ್ಲಿ ಒರೆಸಿ ಮತ್ತೆ ಬರೆಯಬಹುದು. ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಮೈಸೂರಿನ ಇತಿಹಾಸದ ಮೊದಲ ಸಂಪುಟದಲ್ಲಿ ಇದನ್ನು ವರ್ಣಿಸಿದ್ದಾನೆ. ಇಂದಿಗೂ ನಮ್ಮ ಕಚೇರಿಗಳಲ್ಲಿ ಕಾಗದದ ಕಟ್ಟಿಗೆ ಕಡತವೆಂಬ ಹೆಸರೇ ನಿಂತಿದೆ.

ಓಲೆಯ ಮೇಲೆ ಕಂಠದಿಂದ ಬರೆಯುವವನು ಅಕ್ಷರವನ್ನು ಒಂದೊಂದಾಗಿ ಕೊರೆಯಬೇಕು. ನಾರಿನ ಗುಂಟ ಗೆರೆ ಎಳೆದರೆ ಓಲೆ ಸೀಳುವ ಭಯವುಂಟು. ಬಳಪಕ್ಕೆ ಈ ಅಂಕೆಯಿಲ್ಲ. ಕೈಯನ್ನು ಎತ್ತದೆ ಒಂದಕ್ಷರದ ಬಾಲವನ್ನು ಮುಂದಿನದರ ತಲೆಗೆ ಸೇರಿಸಬಹುದು. ಆದುದರಿಂದ ತಲೆಕಟ್ಟು ಸವೆಯಿತು, ಒತ್ತಕ್ಷರವು ಬರಿಯ ಕೊಂಕಾಯಿತು, ಪದಗಳ ನಡುವಿನ ತೆರವು ಅಳಿಯಿತು. ಒಂದೇ ಅಕ್ಷರವು ನೆರೆಯಕ್ಷರಕ್ಕೆ ತಕ್ಕಂತೆ ರೂಪ ಬದಲಿಸುವುದರಿಂದ, ಅಕ್ಷರವನ್ನು ಬಿಡಿಸಿ ಓದುವವನು ಸೋಲುತ್ತಾನೆ. ವಾಕ್ಯದ ರೂಢಿಯನ್ನು ಬಲ್ಲವನು ಗೆಲ್ಲುತ್ತಾನೆ. ಇದನ್ನು ಅಲಕ್ಷ್ಯದ ಬರಹವೆಂದು ತಿಳಿಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಹಿಡುವಳಿ, ಕಂದಾಯ, ಇನಾಮು, ಸಾಲ, ವರ್ತಕರ ಲೆಕ್ಕ ಇವೆಲ್ಲಕ್ಕೂ ಕಡತ ಬಳಕೆಯಾಯಿತು. ಬರೆಯುವುದಕ್ಕೆ ವೇಗ ಬೇಕಾಗಿತ್ತೆಂಬುದು ನಿಜ. ಆದರೆ ಪರರಿಗೆ ಓದಲು ಬಾರದಿದ್ದುದು ಬರೆದವನಿಗೆ ನಷ್ಟವೇನೂ ಆಗಿರಲಿಲ್ಲ. ಮೋಡಿ ಎಂಬ ಮಾತಿಗೆ ಮಾಟವೆಂಬ ಅರ್ಥವೂ ಉಂಟೆಂಬುದನ್ನು ರೈತನು ಮರೆತಿರಲಾರನು.

ಅಚ್ಚಿನ ಮೊಳೆಗಳು ಅಕ್ಷರಗಳನ್ನು ಮತ್ತೆ ಬಿಡಿಸಿದುವು. ಕೇರಿಯ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ 1817ರಲ್ಲಿ ಅಚ್ಚಾಯಿತು. 1843ರಲ್ಲಿ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಕೈಬರಹವಾಗಿಯೇ ಹೊರಟರೂ, ಎಲ್ಲರೂ ಓದಬೇಕಾದ ಪತ್ರಿಕೆಗೆ ಮೋಡಿ ಒಗ್ಗುವಂತಿರಲಿಲ್ಲ. ಈಗ ಕರೆಯೋಲೆಗಳಿಗೂ ಫಲಕಗಳಿಗೂ ಗಣಕಯಂತ್ರದಲ್ಲಿ ಕೈಬರಹದ ಸೊಗಸಿನ ಅಕ್ಷರಗಳುಂಟು. ಅವು ಕೈಯ ಓಟವನ್ನು ತೋರಿಸಿದರೂ ಓದುಗನನ್ನು ತಡೆಯುವುದಿಲ್ಲ.

1961ರ ಗ್ರಾಮಾಧಿಕಾರ ನಿರಸನ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು. ಮೋಡಿಯನ್ನು ಮಗನಿಗೆ ಕಲಿಸಲು ತಂದೆಗೆ ಕಾರಣವೇ ಉಳಿಯಲಿಲ್ಲ. ನಾವಾದರೋ ತರಗತಿಯಲ್ಲಿ ಹಳಗನ್ನಡದ ಶಾಸನಾಕ್ಷರವನ್ನು ಕಲಿಸುತ್ತೇವೆ. ನೂರೈವತ್ತು ವರ್ಷದ ಹಿಂದಿನ ಲೆಕ್ಕವನ್ನು ಮುಂದಿಟ್ಟರೆ ವಿದ್ಯಾರ್ಥಿಯೂ ಸುಮ್ಮನಾಗುತ್ತಾನೆ, ಕೆಲವೊಮ್ಮೆ ನಾವೂ. ಶೃಂಗೇರಿ ಮಠದ ಕಡತಗಳು ಜೋಪಾನವಾಗಿ ಉಳಿದು ಸಂಪಾದಿತವಾಗಿವೆ. ಹಳ್ಳಿಯ ಅಟ್ಟಗಳ ಮೇಲಿನ ಕಡತಗಳಿಗೆ ಅಂತಹ ಭಾಗ್ಯವಿಲ್ಲ. ಕೃಷ್ಣರಾಜಸಾಗರದ ನಾಲೆಯ ನೀರು ಬರುವ ಮೊದಲು ಮಂಡ್ಯ ಸೀಮೆಯಲ್ಲಿ ಯಾವ ಹೊಲ ಕೆರೆಯನ್ನು ನಂಬಿತ್ತು, ಯಾವುದು ಮಳೆಯನ್ನು ನಂಬಿತ್ತು, ಬರದ ವರ್ಷ ಯಾರ ಕಂದಾಯ ಬಾಕಿ ನಿಂತಿತು ಎಂಬುದನ್ನು ಹುಡುಕಬೇಕಾದುದು ಅಲ್ಲಿಯೇ.